ಸರ್ಕಾರದ ಕೈ ಎಲ್ಲಿಯವರೆಗೋ ಹೊಣೆಯೂ ಅಲ್ಲಿಯವರೆಗೆ

2009ರ ಮೇ 6. ಲಿಬಿಯಾದಿಂದ ಹೊರಟ ಮೂರು ದೋಣಿಗಳಲ್ಲಿ ಸುಮಾರು ಇನ್ನೂರು ಜನ ಮೆಡಿಟರೇನಿಯನ್ ಸಮುದ್ರದ ನಡುವೆ ಇದ್ದರು. ಇಟಲಿಯ ಲ್ಯಾಂಪೆಡೂಸಾ ದ್ವೀಪಕ್ಕೆ ಇನ್ನು 35 ನಾಟಿಕಲ್ ಮೈಲಿ ಉಳಿದಿತ್ತು. ಅಷ್ಟರಲ್ಲಿ ಇಟಲಿಯ ಸರ್ಕಾರಿ ಹಡಗುಗಳು ಎದುರಾದವು. ದೋಣಿಯಲ್ಲಿದ್ದವರನ್ನೆಲ್ಲ ಇಟಲಿಯ ಸೇನಾ ಹಡಗುಗಳಿಗೆ ಹತ್ತಿಸಿಕೊಂಡರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಏಕೆ ಬಂದಿರಿ ಎಂದೂ ಕೇಳಲಿಲ್ಲ. ಕೈಯಲ್ಲಿದ್ದ ಕಾಗದಪತ್ರ ತೆಗೆದುಕೊಂಡರು. ಹತ್ತಿದವರು ತಾವು ಇಟಲಿಗೇ ಹೋಗುತ್ತಿದ್ದೇವೆ ಎಂದು ನಂಬಿದ್ದರು. ಹತ್ತು ಗಂಟೆ ಸಾಗಿದ ಮೇಲೆ ಹಡಗು ನಿಂತದ್ದು ಟ್ರಿಪೋಲಿ ಬಂದರಿನಲ್ಲಿ. ತಪ್ಪಿಸಿಕೊಂಡು ಬಂದ ಲಿಬಿಯಾಕ್ಕೇ ಮರಳಿ ಬಂದಿದ್ದರು. ಇಳಿಯುವುದಿಲ್ಲ ಎಂದು ಗೋಗರೆದರೂ ಬಲವಂತದಿಂದ ಇಳಿಸಿ ಲಿಬಿಯಾದವರಿಗೆ ಒಪ್ಪಿಸಲಾಯಿತು.

ಅವರಲ್ಲಿ ಇಪ್ಪತ್ತನಾಲ್ಕು ಮಂದಿ, ಹನ್ನೊಂದು ಜನ ಸೊಮಾಲಿಯಾದವರು, ಹದಿಮೂರು ಜನ ಎರಿಟ್ರಿಯಾದವರು, ಇಟಲಿಯ ಮೇಲೆ ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ಇಟಲಿಯ ನೆಲದ ಮೇಲೆ ಒಂದು ಹೆಜ್ಜೆಯನ್ನೂ ಇಡದವರು ಇಟಲಿಯನ್ನು ಕಟಕಟೆಗೆ ಎಳೆದರು.

ನಾನು ಬೆಂಗಳೂರಿನ ಸಿವಿಲ್ ಕೋರ್ಟುಗಳಲ್ಲಿ ವಕೀಲಿ ಮಾಡುವವಳು. ಜಮೀನು, ಪಾಲು, ಬಾಡಿಗೆ, ಪರಿಹಾರದ ದಾವೆಗಳಲ್ಲೇ ನನ್ನ ಆಯುಷ್ಯ ಕಳೆದಿದೆ. ಯಾವ ದಾವೆ ಹೂಡಿದರೂ ಎದುರು ಪಕ್ಷದ ವಕೀಲರು ಮೊದಲು ಎತ್ತುವ ತಕರಾರು ಒಂದೇ: ಈ ಕೋರ್ಟಿಗೆ ಅಧಿಕಾರ ವ್ಯಾಪ್ತಿ ಇಲ್ಲ. ಆನೇಕಲ್ಲಿನ ಜಮೀನಿನ ತಗಾದೆಯನ್ನು ಹಾಸನದಲ್ಲಿ ವಿಚಾರಿಸಲಾಗದು ಎಂಬಷ್ಟರ ಮಟ್ಟಿಗೆ ಆ ತಕರಾರು ನ್ಯಾಯವೇ. ಆದರೆ ದೇಶ ದೇಶಗಳೇ ಆ ತಕರಾರನ್ನು ಗುರಾಣಿ ಮಾಡಿಕೊಂಡು, "ಅದು ನಮ್ಮ ನೆಲದಲ್ಲಿ ಆಗಿದ್ದಲ್ಲ, ಹಾಗಾಗಿ ನಮಗೆ ಸಂಬಂಧವಿಲ್ಲ" ಎಂದು ಕೈತೊಳೆದುಕೊಳ್ಳುವುದನ್ನು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ. ಒಂದು ಸರ್ಕಾರದ ಕೈ ಎಲ್ಲಿಯವರೆಗೆ ಚಾಚುತ್ತದೋ ಅದರ ಹೊಣೆಯೂ ಅಲ್ಲಿಯವರೆಗೆ ಚಾಚಬೇಕು. ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದು ಇದಕ್ಕೆ ಸಾಕ್ಷ್ಯ.

ಇಟಲಿ ಹೇಳಿದ್ದನ್ನು ಕೇಳಿ. ಅದು ಯಾವ ದೇಶಕ್ಕೂ ಸೇರದ ತೆರೆದ ಸಮುದ್ರ, ನಾವು ಮಾಡಿದ್ದು ರಕ್ಷಣಾ ಕಾರ್ಯ, ಅವರ ಮೇಲೆ ನಾವು ಅಧಿಕಾರ ಚಲಾಯಿಸಲೇ ಇಲ್ಲ ಎಂದಿತು. 2012ರ ಫೆಬ್ರುವರಿ 23ರಂದು ನ್ಯಾಯಾಲಯದ ಮಹಾಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು. ಹಡಗಿನ ಮೇಲೆ ಇಟಲಿಯ ಬಾವುಟವಿತ್ತು, ಇಟಲಿಯದೇ ಕಾನೂನಿನ ಪ್ರಕಾರ ಆ ಹಡಗು ಇಟಲಿಯ ನೆಲವೇ. ಹತ್ತಿದ ಗಳಿಗೆಯಿಂದ ಟ್ರಿಪೋಲಿಯಲ್ಲಿ ಇಳಿಸುವವರೆಗೂ ಆ ಜನ ಪೂರ್ತಿ ಇಟಲಿಯ ಸಿಬ್ಬಂದಿಯ ಹಿಡಿತದಲ್ಲಿದ್ದರು. ಹಿಡಿತ ಇದ್ದ ಮೇಲೆ ಹೊಣೆಯೂ ಇತ್ತು. ಚಿತ್ರಹಿಂಸೆಯ ಅಪಾಯವಿರುವ ಕಡೆಗೆ ಜನರನ್ನು ತಳ್ಳಬಾರದು, ಒಬ್ಬೊಬ್ಬರ ಅಹವಾಲನ್ನು ಕೇಳದೆ ಗುಂಪುಗುಂಪಾಗಿ ಹೊರದಬ್ಬಬಾರದು ಎಂಬ ಎರಡು ನಿಯಮಗಳನ್ನೂ ಇಟಲಿ ಮುರಿದಿದೆ ಎಂದು ನ್ಯಾಯಾಲಯ ಹೇಳಿ ಅರ್ಜಿದಾರರಿಗೆ ತಲಾ 15 ಸಾವಿರ ಯೂರೋ ಪರಿಹಾರ ಗೊತ್ತುಪಡಿಸಿತು. ಇಪ್ಪತ್ತನಾಲ್ಕು ಜನರಲ್ಲಿ ಇಬ್ಬರು ಆ ವೇಳೆಗಾಗಲೇ ತೀರಿಕೊಂಡಿದ್ದರು. 'ಹಿರ್ಸಿ ಜಮಾ ವಿರುದ್ಧ ಇಟಲಿ' ಎಂದು ಈ ಪ್ರಕರಣಕ್ಕೆ ಹೆಸರು.

ಈ ತತ್ವ ಯುರೋಪಿಗಷ್ಟೇ ಸೇರಿದ್ದಲ್ಲ. ಇದಕ್ಕೂ ಬಹಳ ಮೊದಲೇ ಅದು ಗಟ್ಟಿಯಾಗಿ ಕೇಳಿಬಂದದ್ದು ದಕ್ಷಿಣ ಅಮೆರಿಕದ ಎರಡು ಅಪಹರಣಗಳ ಸುದ್ದಿಯಿಂದ.

ಎಪ್ಪತ್ತರ ದಶಕದಲ್ಲಿ ಉರುಗ್ವೆಯನ್ನು ಸೇನೆ ಆಳುತ್ತಿತ್ತು. ವಿರೋಧಿಗಳು ನೆರೆಯ ಅರ್ಜೆಂಟೀನಾಕ್ಕೂ ಬ್ರೆಜಿಲಿಗೂ ಓಡಿಹೋಗುತ್ತಿದ್ದರು. ಆ ಪ್ರದೇಶದ ಸರ್ವಾಧಿಕಾರಿ ಸರ್ಕಾರಗಳು ಒಳಗೊಳಗೇ ಕೈಜೋಡಿಸಿ, ಓಡಿಹೋದವರನ್ನು ಪರಸ್ಪರರ ನೆಲದಲ್ಲೇ ಹಿಡಿಯುವ ಏರ್ಪಾಡು ಮಾಡಿಕೊಂಡಿದ್ದವು. ಕೊಂಡೋರ್ ಕಾರ್ಯಾಚರಣೆ ಎಂದು ಅದಕ್ಕೆ ಹೆಸರು. ಕಾರ್ಮಿಕ ಸಂಘಟನೆಯ ಮುಂದಾಳು ಸೆರ್ಜಿಯೊ ಲೋಪೆಸ್ ಬುರ್ಗೋಸ್‌ಗೆ ಅರ್ಜೆಂಟೀನಾದಲ್ಲಿ ವಿಶ್ವಸಂಸ್ಥೆಯೇ ನಿರಾಶ್ರಿತನೆಂಬ ಮಾನ್ಯತೆ ಕೊಟ್ಟಿತ್ತು. ಆದರೂ 1976ರ ಜುಲೈ 13ರಂದು ಬ್ಯೂನಸ್ ಐರಿಸ್‌ನಲ್ಲಿ ಉರುಗ್ವೆಯ ಗುಪ್ತಚರರು ಅವರನ್ನು ಹಿಡಿದರು. ಸ್ಥಳೀಯ ಸಶಸ್ತ್ರ ಗುಂಪುಗಳು ನೆರವಾದವು. ಸುಮಾರು ಎರಡು ವಾರ ಅಲ್ಲಿಯೇ ಒಂದು ಗುಪ್ತ ತಾಣದಲ್ಲಿಟ್ಟು ಹಿಂಸಿಸಿ, ಜುಲೈ 26ರಂದು ಕಳ್ಳತನದಲ್ಲಿ ಉರುಗ್ವೆಗೆ ಸಾಗಿಸಿದರು. ಮತ್ತೆ ಮೂರು ತಿಂಗಳು ಹೊರಗಿನ ಯಾರ ಕಣ್ಣಿಗೂ ಬೀಳದಂತೆ ಇಟ್ಟರು. ಹಿಂಸೆಯಲ್ಲಿ ಅವರ ದವಡೆ ಮುರಿಯಿತು. ಕೊನೆಗೆ ಅವರು ಉರುಗ್ವೆಯೊಳಗೇ ಸಿಕ್ಕಿಬಿದ್ದರು ಎಂದು ಲೋಕಕ್ಕೆ ತೋರಿಸಲು ಸರ್ಕಾರ ಒಂದು ಸುಳ್ಳು ಬಂಧನವನ್ನೂ ಏರ್ಪಡಿಸಿತು.

ಅವರ ಹೆಂಡತಿ ಡೆಲಿಯಾ ಸಾಲ್ಡಿಯಾಸ್ ಆಸ್ಟ್ರಿಯಾದಲ್ಲಿ ನಿರಾಶ್ರಿತರಾಗಿದ್ದರು. ಅಲ್ಲಿಂದಲೇ ಅವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಬರೆದರು. ಗಂಡ ಒಂದು ದೇಶದ ಜೈಲಿನಲ್ಲಿ, ಹಿಡಿದದ್ದು ಇನ್ನೊಂದು ದೇಶದಲ್ಲಿ, ಹೆಂಡತಿ ಮೂರನೆಯ ದೇಶದಲ್ಲಿ. ಒಂದು ದಾವೆಯ ಕಾಗದಪತ್ರ ಜೋಡಿಸುವುದಕ್ಕೇ ಎಷ್ಟು ಅಲೆಯಬೇಕೆಂದು ಬಲ್ಲ ನನಗೆ ಆ ಹೆಣ್ಣುಮಗಳ ಬಗ್ಗೆ ಅಪಾರ ಗೌರವ.

ಎರಡನೆಯದು ಲಿಲಿಯಾನ್ ಸೆಲಿಬೆರ್ಟಿ ಅವರ ಪ್ರಕರಣ. 1978ರ ನವೆಂಬರಿನಲ್ಲಿ ಬ್ರೆಜಿಲಿನ ಪೋರ್ಟೊ ಅಲೆಗ್ರೆಯಲ್ಲಿ ಉರುಗ್ವೆಯವರು ಅವರನ್ನೂ ಅವರ ಇಬ್ಬರು ಮಕ್ಕಳನ್ನೂ ಹಿಡಿದರು. ಯಾರೋ ಹೆಸರು ಹೇಳದೆ ಫೋನು ಮಾಡಿ ತಿಳಿಸಿದ ಸುಳಿವಿನಿಂದ 'ವೇಜಾ' ಪತ್ರಿಕೆಯ ಇಬ್ಬರು ಪತ್ರಕರ್ತರು ಸೆಲಿಬೆರ್ಟಿಯವರ ಮನೆಯ ಬಾಗಿಲು ತಟ್ಟಿದರು. ಬಾಗಿಲು ತೆಗೆದಾಗ ಎದುರಿಗೆ ಕಂಡದ್ದು ಪಿಸ್ತೂಲು. ಅವರು ಅಂದು ಅಲ್ಲಿಗೆ ಹೋಗದಿದ್ದರೆ ಈ ಅಪಹರಣವೂ ಎಷ್ಟೋ ಅಪಹರಣಗಳ ಹಾಗೆ ಮುಚ್ಚಿಹೋಗುತ್ತಿತ್ತು.

ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದದ 2ನೇ ವಿಧಿ, ದೇಶವೊಂದು ತನ್ನ ನೆಲದಲ್ಲಿರುವ, ತನ್ನ ಅಧಿಕಾರ ವ್ಯಾಪ್ತಿಗೆ ಒಳಪಟ್ಟ ಎಲ್ಲರ ಹಕ್ಕುಗಳನ್ನು ಕಾಯಬೇಕು ಎನ್ನುತ್ತದೆ. ಅಕ್ಷರಕ್ಕೆ ಅಂಟಿಕೊಂಡರೆ ಉರುಗ್ವೆ ಪಾರಾಗಬಹುದಿತ್ತು. 1981ರ ಜುಲೈ 29ರಂದು ಮಾನವ ಹಕ್ಕುಗಳ ಸಮಿತಿ ಎರಡೂ ಪ್ರಕರಣಗಳ ಮೇಲೆ ಅಭಿಪ್ರಾಯ ಕೊಟ್ಟಿತು. ತನ್ನ ನೆಲದಲ್ಲಿ ಮಾಡಲಾಗದ ಅನ್ಯಾಯವನ್ನು ಪರರ ನೆಲಕ್ಕೆ ಹೋಗಿ ಮಾಡಲು ಒಪ್ಪಂದ ಪರವಾನಗಿ ಕೊಡುತ್ತದೆ ಎಂದು ಓದುವುದು ಆತ್ಮಸಾಕ್ಷಿಗೆ ಸಲ್ಲದು ಎಂಬುದು ಅದರ ತಾತ್ಪರ್ಯ. ಮುಂದಿನ ವರ್ಷಗಳಲ್ಲಿ ಇದೇ ಸಮಿತಿ, ಮೆಕ್ಸಿಕೊದಲ್ಲಿದ್ದ ಉರುಗ್ವೆಯ ಪತ್ರಕರ್ತೆಯೊಬ್ಬರಿಗೆ ಪಾಸ್‌ಪೋರ್ಟ್ ನಿರಾಕರಿಸಿದ್ದೂ ಹಕ್ಕಿನ ಉಲ್ಲಂಘನೆ ಎಂದಿತು. ಕೋವಿಯಿಂದ ಚಾಚಿದರೂ ಸರಿ, ಕಾನ್ಸುಲೇಟಿನ ರಬ್ಬರ್ ಮುದ್ರೆಯಿಂದ ಚಾಚಿದರೂ ಸರಿ, ಅದು ಸರ್ಕಾರದ ಕೈಯೇ.

ಇಷ್ಟಾದ ಮೇಲೂ ದಾರಿ ನೇರವಾಗಲಿಲ್ಲ. 1999ರ ಏಪ್ರಿಲ್ 23ರಂದು ನ್ಯಾಟೊ ವಿಮಾನಗಳು ಬೆಲ್‌ಗ್ರೇಡಿನ ಟೆಲಿವಿಷನ್ ಕಟ್ಟಡದ ಮೇಲೆ ಬಾಂಬು ಹಾಕಿದವು, ಹದಿನಾರು ಜನ ಸತ್ತರು. ಬಾಂಬು ಬೀಳಿಸಿದ ಮಾತ್ರಕ್ಕೆ ಕೆಳಗಿದ್ದವರು ಆ ದೇಶಗಳ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲ ಎಂದು 2001ರಲ್ಲಿ ಇದೇ ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಅರ್ಜಿಯನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿತು. ಹಿಡಿದು ಹಿಂಸಿಸಿದರೆ ಹೊಣೆ, ಮೇಲಿನಿಂದ ಕೊಂದರೆ ಹೊಣೆಯಿಲ್ಲ! ನನಗೆ ಅದು ಕೆಟ್ಟ ತೀರ್ಪು ಎಂದೇ ಅನಿಸುತ್ತದೆ.

ಸ್ವಲ್ಪ ತಿದ್ದುಪಡಿಯಾದದ್ದು ಇರಾಕಿನ ಬಸ್ರಾ ನಗರದಿಂದ. ಬಾಹಾ ಮೂಸಾ ಇಪ್ಪತ್ತಾರು ವರ್ಷದ ಹೋಟೆಲ್ ರಿಸೆಪ್ಷನಿಸ್ಟ್. 2003ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೈನಿಕರು ಹಿಡಿದೊಯ್ದರು. ತಲೆಗೆ ಚೀಲ ಮುಚ್ಚಿ, ನಿಲ್ಲಲಾಗದ ಭಂಗಿಯಲ್ಲಿ ನಿಲ್ಲಿಸಿ ಹೊಡೆದರು. ಈ ವಿಧಾನಗಳನ್ನು ಬ್ರಿಟನ್ 1972ರಲ್ಲೇ ನಿಷೇಧಿಸಿತ್ತು. ಎರಡು ದಿನ ತುಂಬುವ ಮೊದಲೇ ಅವರು ಸತ್ತರು. ಮೈಮೇಲೆ 93 ಗಾಯ. ನಮ್ಮ ಜೈಲಿನೊಳಗೆ ಸತ್ತದ್ದರಿಂದ ಇವರೊಬ್ಬರ ಹೊಣೆ ನಮ್ಮದು, ಬೀದಿಯಲ್ಲಿ, ಮನೆಗಳಲ್ಲಿ ಸತ್ತವರದ್ದಲ್ಲ ಎಂದು ಬ್ರಿಟನ್ ವಾದಿಸಿತು. ಹಾಗೆ ಸತ್ತವರಲ್ಲಿ ರಾತ್ರಿ ಊಟಕ್ಕೆ ಕುಳಿತಿದ್ದಾಗ ಗುಂಡು ತಗುಲಿದ ಒಬ್ಬ ಹೆಂಗಸಿದ್ದರು, ಸೈನಿಕರು ನದಿಗೆ ಇಳಿಸಿದ್ದರಿಂದ ಮುಳುಗಿದ ಹದಿನೈದು ವರ್ಷದ ಹುಡುಗನಿದ್ದ. 2011ರ ಜುಲೈ 7ರಂದು ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಕೊಟ್ಟ ಅಲ್-ಸ್ಕೀನಿ ತೀರ್ಪು ಬ್ರಿಟನ್ನಿನ ವಾದವನ್ನು ತಳ್ಳಿಹಾಕಿತು. ಆ ಊರಿನ ಭದ್ರತೆಯ ಅಧಿಕಾರ ವಹಿಸಿಕೊಂಡವರು ಅಲ್ಲಿ ತಮ್ಮ ಕಾರ್ಯಾಚರಣೆಯಲ್ಲಿ ಸತ್ತವರ ಲೆಕ್ಕವನ್ನೂ ಕೊಡಬೇಕು ಎಂದಿತು.

ಆದರೆ ಸರ್ಕಾರಗಳು ತೀರ್ಪುಗಳಿಂದ ಬೇರೆ ಪಾಠವನ್ನೂ ಕಲಿಯುತ್ತವೆ. ಇಟಲಿ 2017ರ ಫೆಬ್ರುವರಿಯಲ್ಲಿ ಲಿಬಿಯಾದೊಂದಿಗೆ ಹೊಸ ಒಡಂಬಡಿಕೆ ಮಾಡಿಕೊಂಡಿತು. ಈಗ ತನ್ನ ಹಡಗಿಗೆ ಹತ್ತಿಸಿಕೊಂಡು ತಾನೇ ಲಿಬಿಯಾಕ್ಕೆ ಒಯ್ಯುವುದಿಲ್ಲ. ಲಿಬಿಯಾದ ಕರಾವಳಿ ಪಡೆಗೆ ದೋಣಿ, ದುಡ್ಡು, ತರಬೇತಿ ಕೊಟ್ಟು ಅವರ ಕೈಯಲ್ಲೇ ಜನರನ್ನು ಹಿಂದಕ್ಕೆ ಎಳೆಸುತ್ತದೆ. ಹಾಗೆ ಎಳೆಯುವಾಗ ಜನ ಮುಳುಗಿ ಸತ್ತ ಒಂದು ಪ್ರಕರಣವೂ ಸ್ಟ್ರಾಸ್‌ಬರ್ಗಿಗೆ ಹೋಯಿತು. 2025ರಲ್ಲಿ ನ್ಯಾಯಾಲಯ ಅಲ್ಲಿ ಇಟಲಿಗೆ ಅಧಿಕಾರ ವ್ಯಾಪ್ತಿ ಇರಲಿಲ್ಲ ಎಂದು ಅರ್ಜಿ ತೆಗೆದುಹಾಕಿತು. ತಾನು ಮುಟ್ಟದೆ ಬೇರೆಯವರಿಂದ ಮಾಡಿಸಿದರೆ ಬಚಾವು ಎಂಬ ಬಿರುಕು ಕಾನೂನಿನಲ್ಲಿ ಇನ್ನೂ ಉಳಿದಿದೆ.

ಇದೆಲ್ಲ ಸೇನೆ, ಪೊಲೀಸು, ಹಡಗಿನ ಮಾತು. ಇವತ್ತು ದೇಶವೊಂದು ಗಡಿಯಾಚೆಗೆ ಹೆಚ್ಚಾಗಿ ಕಾಲಿಡುವುದು ಬಂಡವಾಳದ ರೂಪದಲ್ಲಿ. ನಮ್ಮ ಬೆಂಗಳೂರಿಗೂ ಆ ಮಾತಿಗೂ ನೇರ ಸಂಬಂಧವಿದೆ.

ಕರುಟೂರಿ ಗ್ಲೋಬಲ್ ಬೆಂಗಳೂರಿನ ಕಂಪನಿ. ಗುಲಾಬಿ ಬೆಳೆದು ರಫ್ತು ಮಾಡುತ್ತ ಇಥಿಯೋಪಿಯಾ, ಕೀನ್ಯಾಗಳಿಗೆ ಹೋಯಿತು. 2010ರಲ್ಲಿ ಇಥಿಯೋಪಿಯಾ ಸರ್ಕಾರ ದಕ್ಷಿಣ ಸುಡಾನಿನ ಗಡಿಗೆ ಹೊಂದಿರುವ ಗಾಂಬೆಲ್ಲಾ ಪ್ರಾಂತ್ಯದಲ್ಲಿ ಈ ಕಂಪನಿಗೆ ಒಂದು ಲಕ್ಷ ಹೆಕ್ಟೇರ್ ಭೂಮಿಯನ್ನು ಐವತ್ತು ವರ್ಷದ ಗುತ್ತಿಗೆಗೆ ಕೊಟ್ಟಿತು. ಕೆಲಸ ಮೆಚ್ಚುಗೆಯಾದರೆ ಇನ್ನೂ ಎರಡು ಲಕ್ಷ ಎಂಬ ಮಾತಿತ್ತು. ಬೆಂಗಳೂರು ನಗರ ಜಿಲ್ಲೆಯ ಇಡೀ ವಿಸ್ತೀರ್ಣ ಸುಮಾರು 2 ಲಕ್ಷ 19 ಸಾವಿರ ಹೆಕ್ಟೇರ್ ಎಂದರೆ ಅಳತೆ ತಿಳಿದೀತು. ಅದೇ ಕಾಲಕ್ಕೆ ಅಲ್ಲಿನ ಸರ್ಕಾರ ಚದುರಿದ ಹಳ್ಳಿಗಳನ್ನು ಒಂದೆಡೆ ಸೇರಿಸುತ್ತೇವೆ, ಶಾಲೆ ನೀರು ಆಸ್ಪತ್ರೆ ಕೊಡುತ್ತೇವೆ ಎಂದು ಸಾವಿರಾರು ಕುಟುಂಬಗಳನ್ನು ಎಬ್ಬಿಸುತ್ತಿತ್ತು. ಅನ್ವಾಕ್ ಎಂಬ ಜನಾಂಗದವರು ನದಿಯ ದಂಡೆಯಲ್ಲಿ ಜಾಗ ಬದಲಿಸುತ್ತ ಬೇಸಾಯ ಮಾಡುವವರು. ಹೊಸ ಊರುಗಳಲ್ಲಿ ಹೇಳಿದ ಸೌಕರ್ಯ ಇರಲಿಲ್ಲ, ಹೋಗಲೊಪ್ಪದವರನ್ನು ಸೈನಿಕರು ಹೊಡೆದರು ಎಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2012ರ ಜನವರಿಯ ವರದಿಯಲ್ಲಿ ಬರೆಯಿತು. ಸ್ಥಳಾಂತರ ಪೂರ್ತಿ ಸ್ವಇಚ್ಛೆಯದು, ಭೂಮಿಯ ಗುತ್ತಿಗೆಗೂ ಅದಕ್ಕೂ ನಂಟಿಲ್ಲ ಎಂಬುದು ಸರ್ಕಾರದ ಉತ್ತರ. ವರದಿ ಮಾಡಿದವರು ನಂಟಿದೆ ಎಂದರು. ಕೊನೆಗೆ 2015ರ ಡಿಸೆಂಬರಿನಲ್ಲಿ, ಕೊಟ್ಟ ಭೂಮಿಯಲ್ಲಿ ತೀರ ಕಡಿಮೆ ಬೇಸಾಯವಾಗಿದೆ ಎಂಬ ಕಾರಣ ಕೊಟ್ಟು ಸರ್ಕಾರ ಗುತ್ತಿಗೆಯನ್ನೇ ರದ್ದುಮಾಡಿತು.

ಜನರನ್ನು ಎಬ್ಬಿಸಿದ್ದು ಅಲ್ಲಿನ ಸರ್ಕಾರ. ಹಾಗಾಗಿ ಮೊದಲ ಹೊಣೆ ಅದರದೇ, ಇದರಲ್ಲಿ ಎರಡು ಮಾತಿಲ್ಲ. ಆದರೆ ಕೀನ್ಯಾದ ನಿರಾಶ್ರಿತರ ಶಿಬಿರ ಸೇರಿದ್ದ ಒಬ್ಬ ಅನ್ವಾಕ್ ರೈತ ಇನ್ನೂ ದೂರ ಯೋಚಿಸಿದ. ಇಥಿಯೋಪಿಯಾಕ್ಕೆ ನೆರವಿನ ಹಣ ಕೊಡುತ್ತಿದ್ದ ಬ್ರಿಟನ್ನಿನ ಮೇಲೆ ಲಂಡನ್ನಿನ ಹೈಕೋರ್ಟಿಗೆ ಹೋದ. ಕುಟುಂಬಕ್ಕೆ ಅಪಾಯವಾಗಬಾರದೆಂದು ಅವನ ಹೆಸರನ್ನು ಗುಟ್ಟಾಗಿಟ್ಟು 'ಮಿಸ್ಟರ್ ಓ' ಎಂದಷ್ಟೇ ದಾಖಲಿಸಿದರು. ನಿಮ್ಮ ಹಣ ಈ ಸ್ಥಳಾಂತರಕ್ಕೆ ಬಳಕೆಯಾಗಿಲ್ಲವೆಂದು ನೀವು ಪರೀಕ್ಷಿಸಿದಿರಾ ಎಂಬುದು ಅವನ ಪ್ರಶ್ನೆ. 2014ರ ಜುಲೈಯಲ್ಲಿ ಹೈಕೋರ್ಟು ಆ ಪ್ರಶ್ನೆ ವಿಚಾರಣೆಗೆ ಯೋಗ್ಯ ಎಂದಿತು. ಮರುವರ್ಷದ ಆರಂಭದಲ್ಲಿ ಬ್ರಿಟನ್ ಆ ನೆರವಿನ ಕಾರ್ಯಕ್ರಮಕ್ಕೆ ಹಣ ಕೊಡುವುದನ್ನು ನಿಲ್ಲಿಸಿತು, ಮೊಕದ್ದಮೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿಕೊಂಡೇ. ಅನ್ವಾಕ್ ನಿರಾಶ್ರಿತರು ವಾಷಿಂಗ್ಟನ್ನಿನ ವಿಶ್ವ ಬ್ಯಾಂಕಿಗೂ ದೂರು ಕೊಟ್ಟಿದ್ದರು. ಬ್ಯಾಂಕಿನ ತಪಾಸಣಾ ಮಂಡಳಿ, ಹಿಂಸೆಯ ಆರೋಪಗಳಿಗೆ ಕೈಹಾಕದಿದ್ದರೂ, ಬ್ಯಾಂಕ್ ತನ್ನದೇ ನಿಯಮಗಳನ್ನು ಪಾಲಿಸಿಲ್ಲ ಎಂದು ಹೇಳಿತು.

ಲಂಡನ್ನಿನಲ್ಲಿ ಒಂದು ಬಾಗಿಲು, ವಾಷಿಂಗ್ಟನ್ನಿನಲ್ಲಿ ಒಂದು ಬಾಗಿಲು ತೆರೆದವು. ದೆಹಲಿಯಲ್ಲಿ? ಬೆಂಗಳೂರಿನಲ್ಲಿ?

ಭಾರತಕ್ಕೆ ಇಲ್ಲಿ ಪಾತ್ರವೇ ಇಲ್ಲ ಎನ್ನುವ ಹಾಗಿಲ್ಲ. ಕರುಟೂರಿಯ ಮಾತು ಬದಿಗಿಟ್ಟರೂ, ಪೂರ್ತಿ ಕೇಂದ್ರ ಸರ್ಕಾರದ ಒಡೆತನದ ಎಕ್ಸಿಮ್ ಬ್ಯಾಂಕ್ ಅದೇ ಇಥಿಯೋಪಿಯಾದ ಸಕ್ಕರೆ ಯೋಜನೆಗಳಿಗೆ 64 ಕೋಟಿ ಡಾಲರ್ ಸಾಲ ಕೊಟ್ಟಿದೆ. ಅದರಲ್ಲೊಂದಾದ ತೆಂದಾಹೊ ಯೋಜನೆ ಇರುವುದು ಅವಾಶ್ ನದಿಯ ಕಣಿವೆಯಲ್ಲಿ, ಅಫಾರ್ ಪಶುಪಾಲಕರು ದನ ಒಂಟೆ ಮೇಯಿಸುತ್ತ ಬಂದ ಸೀಮೆಯಲ್ಲಿ. ಆ ಸಾಲದ ಹಿಂದೆ ನಮ್ಮ ತೆರಿಗೆಯ ಹಣದ ಬೆಂಬಲವಿದೆ.

ಇಂಥ ಸಂದರ್ಭಗಳಿಗೆಂದೇ 2011ರ ಸೆಪ್ಟೆಂಬರಿನಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಕಾನೂನು ತಜ್ಞರು ಸೇರಿ ಕೆಲವು ಸೂತ್ರಗಳನ್ನು ಬರೆದರು. ದೇಶವೊಂದರ ಹಿಡಿತ ಎಲ್ಲಿದೆಯೋ ಅಲ್ಲಿ ಹೊಣೆ ಇದೆ. ಹಿಡಿತ ಇಲ್ಲದಿದ್ದರೂ, ತಾನು ಮಾಡಿದ್ದರಿಂದ ಅಥವಾ ಮಾಡದೆ ಬಿಟ್ಟದ್ದರಿಂದ ಪರದೇಶದ ಜನರ ಬದುಕಿಗೆ ಏನಾಗುತ್ತದೆಂದು ಮೊದಲೇ ಊಹಿಸಬಹುದಾಗಿದ್ದರೆ ಆಗಲೂ ಹೊಣೆ ಇದೆ. ತನ್ನ ಕಂಪನಿಗಳಿಗೆ ಕಡಿವಾಣ ಹಾಕುವ ಶಕ್ತಿ ಇದ್ದೂ ಹಾಕದಿದ್ದರೆ ಅದೂ ಲೋಪ. ಇವು ತಜ್ಞರ ಸೂತ್ರಗಳಾದ್ದರಿಂದ ಯಾವ ದೇಶವನ್ನೂ ತಾವಾಗಿ ಕಟ್ಟಿಹಾಕುವುದಿಲ್ಲ. ಆದರೆ ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಒಪ್ಪಂದದ ಮೇಲ್ವಿಚಾರಣೆ ನಡೆಸುವ ವಿಶ್ವಸಂಸ್ಥೆಯ ಸಮಿತಿ 2017ರಲ್ಲಿ, ಸರ್ಕಾರಗಳು ತಮ್ಮಲ್ಲಿ ನೆಲೆಯಿರುವ ಕಂಪನಿಗಳು ಹೊರದೇಶದಲ್ಲಿ ಹಕ್ಕು ತುಳಿಯದಂತೆ ತಡೆಯಬೇಕು, ತುಳಿದರೆ ಪರಿಹಾರದ ದಾರಿ ಕೊಡಬೇಕು ಎಂದು ಸ್ಪಷ್ಟವಾಗಿ ಬರೆದಿದೆ. ಭಾರತ 1979ರಲ್ಲೇ ಆ ಒಪ್ಪಂದಕ್ಕೆ ಸೇರಿದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದದಲ್ಲಿರುವ 'ತನ್ನ ನೆಲ' ಎಂಬ ಮಿತಿ ಈ ಒಪ್ಪಂದದ 2ನೇ ವಿಧಿಯಲ್ಲಿ ಇಲ್ಲ.

ನಮ್ಮ ಕೋರ್ಟಿನಲ್ಲಿ ಇದು ಸಾಧ್ಯವೇ ಎಂದು ಒಬ್ಬ ವಕೀಲೆಯಾಗಿ ಲೆಕ್ಕ ಹಾಕಿ ನೋಡಿದ್ದೇನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 83ನೇ ಕಲಂ ಪ್ರಕಾರ ಶತ್ರುದೇಶದವನಲ್ಲದ ವಿದೇಶಿ ನಮ್ಮ ಕೋರ್ಟಿನಲ್ಲಿ ಭಾರತೀಯನಂತೆಯೇ ದಾವೆ ಹೂಡಬಹುದು. 20ನೇ ಕಲಂ ಪ್ರಕಾರ ಪ್ರತಿವಾದಿ ಎಲ್ಲಿ ವ್ಯವಹಾರ ನಡೆಸುತ್ತಾನೋ ಅಲ್ಲಿ ದಾವೆ ನಿಲ್ಲುತ್ತದೆ. ಅಂದರೆ ಬಾಗಿಲಿಗೆ ಬೀಗವಿಲ್ಲ. ಆದರೆ ಒಳಗೆ ಬಂದ ಮೇಲೆ? ಹೊರದೇಶದ ಜಮೀನಿನ ಹಕ್ಕನ್ನು ನಮ್ಮ ಕೋರ್ಟು ತೀರ್ಮಾನಿಸದು, ಆದ ನಷ್ಟಕ್ಕಷ್ಟೇ ಪರಿಹಾರ ಕೇಳಬೇಕು. ಕರ್ನಾಟಕದಲ್ಲಿ ಕೇಳುವ ಮೊತ್ತ ಹೆಚ್ಚಿದಷ್ಟೂ ಕೋರ್ಟ್ ಫೀ ಹೆಚ್ಚು, ಇಲ್ಲವೇ ತಾನು ಪಾಪರ್ ಎಂದು ಸಾಬೀತು ಮಾಡಬೇಕು. ಅಲ್ಲಿ ವ್ಯವಹಾರ ಮಾಡಿದ್ದು ನಮ್ಮ ಅಂಗಸಂಸ್ಥೆ, ಅದು ಬೇರೆಯೇ ಕಂಪನಿ ಎಂದು ಪ್ರತಿವಾದಿ ಹೇಳುತ್ತಾನೆ. ಸಾಕ್ಷಿಗಳು ಸಾವಿರಾರು ಮೈಲಿ ದೂರ. ವಾಯಿದೆ ಮೇಲೆ ವಾಯಿದೆ. ಗಾಂಬೆಲ್ಲಾದ ರೈತ ಇದನ್ನು ಹೇಗೆ ತಾಳಿಯಾನು?

ಬೇರೆಡೆ ತಾಳಿ ನಿಂತವರಿದ್ದಾರೆ. ಜಾಂಬಿಯಾದ ಚಿಂಗೋಲಾ ಬಳಿಯ 1,826 ಹಳ್ಳಿಗರು, ಎನ್‌ಚಾಂಗಾ ತಾಮ್ರದ ಗಣಿಯಿಂದ ತಮ್ಮ ನೀರು ಹಾಳಾಗಿದೆ ಎಂದು ಭಾರತೀಯ ಮೂಲದ ವೇದಾಂತ ಕಂಪನಿಯ ಮೇಲೆ ಇಂಗ್ಲೆಂಡಿನಲ್ಲಿ ದಾವೆ ಹಾಕಿದರು. ಗಣಿ ನಡೆಸುತ್ತಿದ್ದುದು ಜಾಂಬಿಯಾದ ಅಂಗಸಂಸ್ಥೆ. ಆದರೂ ಮೂಲ ಕಂಪನಿ ಲಂಡನ್ನಿನಲ್ಲಿ ನೋಂದಣಿಯಾಗಿದ್ದರಿಂದ ದಾವೆ ಇಲ್ಲೇ ನಡೆಯಬಹುದು ಎಂದು 2019ರ ಏಪ್ರಿಲ್ 10ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿತು. 2021ರಲ್ಲಿ ತಪ್ಪೊಪ್ಪಿಗೆ ಇಲ್ಲದೆ ರಾಜಿಯಾಯಿತು. ಆ ಮೂಲ ಕಂಪನಿ ಲಂಡನ್ನಿನ ಬದಲು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ನೋಂದಣಿಯಾಗಿದ್ದರೆ ಆ ಹಳ್ಳಿಗರಿಗೆ ಎಷ್ಟು ದಕ್ಕುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ನಮ್ಮ ಕಾನೂನಿಗೆ ಗಡಿ ದಾಟುವುದು ಗೊತ್ತಿಲ್ಲವೆಂದಲ್ಲ. ಭಾರತದ ನಾಗರಿಕ ಯಾವ ದೇಶದಲ್ಲಿ ಕೊಲೆ ಮಾಡಿದರೂ ಇಲ್ಲಿ ವಿಚಾರಣೆಗೆ ಗುರಿಪಡಿಸಬಹುದು. ಹಳೆಯ ದಂಡ ಸಂಹಿತೆಯಲ್ಲಿ ಇದ್ದ ಆ ಅಧಿಕಾರ ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಇಲ್ಲಿನ ನಿವಾಸಿ ಹೊರದೇಶದಲ್ಲಿ ಗಳಿಸಿದ ಆದಾಯಕ್ಕೂ ತೆರಿಗೆ ಹಾಕುತ್ತೇವೆ. ಕೊಲೆಗಾರನನ್ನೂ ತೆರಿಗೆಯನ್ನೂ ಹಿಂಬಾಲಿಸಿ ಹೋಗಬಲ್ಲ ಸರ್ಕಾರ, ತನ್ನ ಕಂಪನಿಯ ಬುಲ್ಡೋಜರನ್ನೂ ತನ್ನ ಬ್ಯಾಂಕಿನ ಸಾಲವನ್ನೂ ಹಿಂಬಾಲಿಸಲು ಆಗದು ಎಂದರೆ ನಂಬುವುದು ಹೇಗೆ?

ಫ್ರಾನ್ಸ್ 2017ರಲ್ಲಿ ತನ್ನ ದೊಡ್ಡ ಕಂಪನಿಗಳು ಲೋಕದಲ್ಲೆಲ್ಲ ತಮ್ಮ ಅಂಗಸಂಸ್ಥೆಗಳ ಮೇಲೂ ಸರಬರಾಜುದಾರರ ಮೇಲೂ ಕಣ್ಣಿಡಬೇಕೆಂಬ ಕಾನೂನು ಮಾಡಿದೆ. ನಮ್ಮ ಸಂಸತ್ತೂ ಮಾಡಬಹುದು. ಎಕ್ಸಿಮ್ ಬ್ಯಾಂಕ್ ಹೊರದೇಶದ ಯಾವ ಯೋಜನೆಗೆ ಸಾಲ ಕೊಡುವ ಮೊದಲೂ ಅಲ್ಲಿಂದ ಯಾರು ಒಕ್ಕಲೇಳುತ್ತಾರೆ ಎಂದು ವಿಚಾರಿಸಿ, ಆ ವರದಿಯನ್ನು ಜನರ ಮುಂದಿಡಬೇಕು. ನೊಂದ ವಿದೇಶಿಯರ ದೂರು ಕೇಳಲು ಒಂದು ಅಧಿಕಾರಿ ಮಂಡಳಿ ಬೇಕು. ಅಂಥವರ ದಾವೆಗೆ ಕೋರ್ಟ್ ಫೀ ಮನ್ನಾ ಆಗಬೇಕು, ಅಂಗಸಂಸ್ಥೆಯ ನೆಪದಲ್ಲಿ ಮೂಲ ಕಂಪನಿ ನುಣುಚಿಕೊಳ್ಳದಂತೆ ಕಾನೂನು ಕಟ್ಟಬೇಕು. ನಿಮ್ಮ ಸಂಸದರು ಮತ ಕೇಳಲು ಬಂದಾಗ ಈ ಮಾತು ಎತ್ತಿ. ನನ್ನ ವೃತ್ತಿಬಾಂಧವರಲ್ಲೂ ಒಂದು ಕೋರಿಕೆ: ಆಫ್ರಿಕಾದ ಒಬ್ಬ ರೈತ ಕಾಗದಪತ್ರ ಹಿಡಿದು ಬೆಂಗಳೂರಿನ ಕೋರ್ಟಿನ ಆವರಣಕ್ಕೆ ಬಂದರೆ, ಅವನ ವಕಾಲತ್ತಿಗೆ ಸಹಿ ಹಾಕಿ. ನಾನಂತೂ ಹಾಕುತ್ತೇನೆ.